ಎಡಗೈಗೊಂದು ಬೆಸುಗೆ ಕಡ್ಡಿ

ಭಾವನಿಗೆ ಹೆಂಡತಿ ಇರಲಿಲ್ಲ. ಹೆಂಡತಿಯೇ ಇಲ್ಲದವನಿಗೆ ಭಾವಮೈದುನರು ಎಲ್ಲಿಂದ ಬರಬೇಕು? ಆದರೂ ಲಿಫ್ಟ್ ಕಂಪನಿಯ ರಿಪೇರಿ ವಿಭಾಗದಲ್ಲಿ ಒಂದು ಕಾಲಕ್ಕೆ ಅವನು ಎಲ್ಲರಿಗೂ ಭಾವ. ಕೆಲಸಕ್ಕೆ ಸೇರಿದ ದಿನ ಗೇಟಿನ ಕಾವಲುಗಾರ, ಕಾಗದದ ಮೇಲೆ ಮೊಹರು ಸರಿಯಾಗಿ ಬಿದ್ದಿಲ್ಲವೆಂದು ಅವನನ್ನು ತಡೆದು ನಿಲ್ಲಿಸಿದ್ದ. ಹಿಂದೆಯೇ ಬಂದ ವಿಭಾಗದ ಹಿರಿಯ ಕೆಲಸಗಾರ, ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದವನು, ಮುಖಪರಿಚಯವೂ ಇಲ್ಲದ ಈ ಯುವಕನ ಹೆಗಲ ಮೇಲೆ ಕೈ ಹಾಕಿ, “ಬಿಡಪ್ಪಾ, ನಮ್ಮ ಭಾವ” ಎಂದು ಒಳಗೆ ಕರೆದುಕೊಂಡು ಹೋದ. ಸಂಜೆಯ ಹೊತ್ತಿಗೆ ಇಡೀ ವಿಭಾಗ ಅವನನ್ನು ಭಾವ ಎನ್ನತೊಡಗಿತ್ತು. “ಏನ್ ಭಾವ, ನಮ್ಮಕ್ಕನ್ನ ಚೆನ್ನಾಗಿ ನೋಡ್ಕೊಳ್ತಿದ್ದೀಯಾ ತಾನೇ?” ಎಂದು ಊಟದ ಹೊತ್ತಿನಲ್ಲಿ ಕಾಲೆಳೆಯುವುದು, ಇವನು ಕಿವಿ ಕೆಂಪಗೆ ಮಾಡಿಕೊಂಡು ಡಬ್ಬಿಯೊಳಗೆ ಮುಖ ಹುದುಗಿಸುವುದು, ವರ್ಷಗಟ್ಟಲೆ ನಡೆಯಿತು.

ಈಗ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ವಿಭಾಗಕ್ಕೆ ಕಟ್ಟಕಡೆಗೆ ಸೇರಿದವನು ಭಾವನೇ. ಅವನು ಬಂದ ಮೇಲೆ ಕಂಪನಿಯ ಲೆಕ್ಕಾಚಾರ ಬದಲಾಯಿತು: ಲಿಫ್ಟಿನ ಕಂಟ್ರೋಲ್ ಕಾರ್ಡು, ಅಂದರೆ ಅದನ್ನು ನಡೆಸುವ ಸರ್ಕ್ಯೂಟ್ ಹಲಗೆ, ಕೆಟ್ಟರೆ ಬಿಚ್ಚಿ ದುರಸ್ತಿ ಮಾಡುವುದಕ್ಕಿಂತ ಎಸೆದು ಹೊಸದು ಹಾಕುವುದೇ ಸಲೀಸು ಎಂದಾಯಿತು. ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಇದ್ದವರು ಒಬ್ಬೊಬ್ಬರಾಗಿ ನಿವೃತ್ತರಾದರು. ದೊಡ್ಡಣ್ಣ ತೀರಿಕೊಂಡ ಸುದ್ದಿ ಯಾರೋ ಹೇಳಿ, ಯಾರೋ ಕೇಳಿ, ಭಾವನ ಕಿವಿಗೆ ಬೀಳುವ ಹೊತ್ತಿಗೆ ಹಳತಾಗಿತ್ತು.

ಉಳಿದದ್ದು ಉದ್ದನೆಯ ಒಂದು ಕೋಣೆ. ಅದರ ಒಂದು ತುದಿಗೆ ದೊಡ್ಡ ಕಿಟಕಿ. ಒಂದು ಗೋಡೆಯುದ್ದಕ್ಕೂ ನಾಲ್ಕು ಮೇಜು. ಗೋಡೆಗೆ ಮುಖ ಮಾಡಿ ಕೂತರೆ ಕಿಟಕಿಯ ಬೆಳಕು ಎಡಗಡೆಯಿಂದ ಬೀಳುತ್ತಿತ್ತು. ಎದುರು ಗೋಡೆಗೆ ಹಳೆಯ ಕಾರ್ಡುಗಳನ್ನು ತುಂಬಿದ ಕಬ್ಬಿಣದ ಕಪಾಟುಗಳು. ನಾಲ್ಕರಲ್ಲಿ ಮೂರು ಮೇಜು ಖಾಲಿ. ಸೋಮವಾರ ಬೆಳಿಗ್ಗೆ ತನ್ನ ಮೇಜನ್ನು ಒರೆಸುವಾಗ ಭಾವ ಉಳಿದ ಮೂರನ್ನೂ ಒರೆಸುತ್ತಿದ್ದ. ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಮ್ಯಾನೇಜರ್ ಬಂದು, ಕುರ್ಚಿಯ ಮೇಲೆ ಕೂರದೆ, ಬಾಗಿಲಲ್ಲೇ ನಿಂತು ಸುದ್ದಿ ಹೇಳಿದರು.

“ನಿಮ್ಮ ಪಕ್ಕಕ್ಕೆ ಒಬ್ಬರು ಬರ್ತಿದಾರೆ. ಹೊಸ ಕಾರ್ಡು ಕೇಳಿದ್ರೆ ಈಗ ತಿಂಗಳುಗಟ್ಟಲೆ ಕಾಯಿಸ್ತಿದಾರೆ. ಹಾಗಾಗಿ ಮತ್ತೆ ರಿಪೇರಿನೇ ಗತಿ. ಹುಡುಗಿ. ಮೂರು ತಿಂಗಳು ನೋಡೋದು, ಸರಿಹೋದ್ರೆ ಕಾಯಂ. ಅವಳಿಗೊಂದು ಸೋಲ್ಡರಿಂಗ್ ಐರನ್ ಬೇಕು. ನೀವೇ ಆರಿಸಿ ತಂದ್ಬಿಡಿ.”

ಭಾವ ಕೇಳಿದ, “ಕೈ ಹೇಗಿದೆ?”

“ಯಾರ ಕೈ?”

“ಬರೋರದು.”

“ಎರಡಿವೆ. ಸಾಕಲ್ವಾ?” ಎಂದು ಮ್ಯಾನೇಜರ್ ನಕ್ಕು ಹೋದರು.

ಆದರೆ ಭಾವ ಆ ಕೈಯನ್ನು ಒಮ್ಮೆ ನೋಡಿದ್ದ. ಸಂದರ್ಶನದ ದಿನ ಹೊರಗಿನ ಬೆಂಚಿನ ಮೇಲೆ ಅಭ್ಯರ್ಥಿಗಳಿಗೆ ಒಂದೊಂದು ಕೆಟ್ಟ ಕಾರ್ಡು ಕೊಟ್ಟು ಕೂರಿಸಿದ್ದರು. ಉಳಿದವರು ಅದನ್ನು ತಟ್ಟೆಯಂತೆ ಅಂಗೈಯಲ್ಲಿ ಹಿಡಿದಿದ್ದರೆ, ಒಬ್ಬಳು ಮಾತ್ರ ಅಂಚು ಹಿಡಿದು ಎತ್ತಿ, ಎಡಗೈಯಿಂದ ಸ್ಕ್ರೂ ತಿರುಗಿಸುತ್ತಿದ್ದಳು. ಸಣ್ಣ ಕೈ. ಅವಸರವಿಲ್ಲದ ಕೈ. ಅವಳೇ ಇರಬೇಕೆಂದು ಅವನು ವಿಚಾರಿಸಿದ, ಅವಳೇ.

ಅವನಿಗೆ ಕೈಯ ವಿಷಯ ಯಾಕೆ ಬೇಕಾಯಿತು ಎಂಬುದಕ್ಕೆ ಆ ವಿಭಾಗದ ಒಂದು ಪದ್ಧತಿಯನ್ನು ಹೇಳಬೇಕು. ಅಲ್ಲಿ ಅಂಗಡಿಯ ಮೊನೆ ಬಳಸುತ್ತಿರಲಿಲ್ಲ. ಸೋಲ್ಡರಿಂಗ್ ಐರನ್ನಿಗೆ ಅವರು ಬೆಸುಗೆ ಕಡ್ಡಿ ಎನ್ನುತ್ತಿದ್ದರು: ಮರದ ಹಿಡಿ, ಒಳಗೆ ಕಾಯುವ ಸುರುಳಿ, ತುದಿಗೆ ಲೇತ್ ವಿಭಾಗದವರು ಕತ್ತರಿಸಿಕೊಡುತ್ತಿದ್ದ ತಾಮ್ರದ ಸರಳು. ಕರಗಿದ ತವರ ತಾಮ್ರವನ್ನು ದಿನವೂ ಒಂದಿಷ್ಟು ತಿನ್ನುತ್ತದೆ. ಸವೆದಾಗ ಅರದಿಂದ ಉಜ್ಜಿ ಮತ್ತೆ ಮೊನೆ ತೆಗೆಯಬೇಕು. ಹೊಸಬ ಸೇರಿದ ದಿನ ಅವನ ಮೊದಲ ಮೊನೆಯನ್ನು ಅವನೇ ಉಜ್ಜಿಕೊಳ್ಳುವಂತಿಲ್ಲ; ಪಕ್ಕದ ಮೇಜಿನವನು ಉಜ್ಜಿಕೊಡಬೇಕು. ದೊಡ್ಡಣ್ಣ ಭಾವನಿಂದ ಒಂದು ಹಾಳೆಯ ಮೇಲೆ ಏನೋ ಬರೆಸಿ, ಪೆನ್ನು ಎಷ್ಟು ವಾಲುತ್ತದೆಂದು ನೋಡಿ, ಅದೇ ಓರೆಗೆ ಮೊನೆ ತೆಗೆದು ಹಿಡಿಯಲ್ಲಿಟ್ಟಿದ್ದ. ಒಂದು ಮಾತೂ ಹೇಳಿರಲಿಲ್ಲ. ಉಜ್ಜಿದವನು ಹೇಳಬಾರದು ಎಂಬುದೂ ಪದ್ಧತಿಯೇ. ಹೊಸಬ “ಅರೆ, ಕೈಗೆ ಎಷ್ಟು ಚೆನ್ನಾಗಿ ಕೂತಿದೆ” ಎಂದ ದಿನ, ಮೂರನೆಯ ಮೇಜಿನವನು, “ಕೂರದೆ ಏನು, ಪಾಪ ಆತ ಅರ್ಧ ದಿನ ಉಜ್ಜಿದಾನೆ” ಎಂದು ಗುಟ್ಟು ಬಿಡುತ್ತಿದ್ದ. ಅಂದು ಎಲ್ಲರಿಗೂ ಹೊಸಬನ ಖರ್ಚಿನಲ್ಲಿ ಚಹಾ.

ಭಾವ ಆ ಚಹಾ ಕೊಡಿಸಿದ್ದ. ಆದರೆ ಯಾರಿಗೂ ಮೊನೆ ಉಜ್ಜಿಕೊಟ್ಟಿರಲಿಲ್ಲ. ಅವನ ನಂತರ ಯಾರೂ ಬಂದಿರಲೇ ಇಲ್ಲವಲ್ಲ.

ಎಲೆಕ್ಟ್ರಾನಿಕ್ ಸಾಮಾನಿನ ಬೀದಿ ಬಸ್ ನಿಲ್ದಾಣದ ಹಿಂದಿತ್ತು. ಅಂಗಡಿಗಳೆಲ್ಲ ಬೀರುವಿನಷ್ಟು ಅಗಲ. ಭಾವ ಹೋಗುತ್ತಿದ್ದ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು. ನಡುವೆ ಅಂಗಡಿಯವನು ಮರದ ಪೊಟರೆಯಲ್ಲಿ ಕೂತ ಗೂಬೆಯಂತೆ ಕೂತಿರುತ್ತಿದ್ದ. ಆದರೆ ಗೂಬೆಗಿಂತ ಬಾಯಿ ಜಾಸ್ತಿ.

“ಯಾರಿಗೆ ಸ್ವಾಮಿ?”

“ಹೊಸದಾಗಿ ಬರ್ತಿರೋರಿಗೆ.”

“ಹಾಗಾದ್ರೆ ಇದು ಸಾಕು ಬಿಡಿ” ಎಂದು ಅವನು ಇಪ್ಪತ್ತೈದು ವ್ಯಾಟಿನ, ಪೆನ್ಸಿಲ್ ಗಾತ್ರದ ಕಡ್ಡಿಯೊಂದನ್ನು ಮುಂದಿಟ್ಟ. “ಕಲಿಯೋರು ಹೆಂಗೂ ಹಾಳು ಮಾಡೋರೇ.”

“ಕಲಿಯೋರಲ್ಲ. ಕೆಲಸ ಬರುತ್ತೆ.”

“ಅವರ ಕೆಲಸ ನೋಡಿದೀರಾ?”

“ಕೈ ನೋಡಿದೀನಿ.”

“ಓಹೋ, ಹಸ್ತಸಾಮುದ್ರಿಕ ಬೇರೆ ಗೊತ್ತು ನಿಮಗೆ!”

ಭಾವ ಆ ಕಡ್ಡಿಯನ್ನು ಪಕ್ಕಕ್ಕಿಟ್ಟ. ರೇಡಿಯೊಗೆ, ಆಟಿಕೆಗೆ ಅದು ಸರಿ. ಲಿಫ್ಟಿನ ಕಾರ್ಡಿನಲ್ಲಿ ಕರೆಂಟು ಹಚ್ಚಿ ಆರಿಸುವ ದಪ್ಪ ರಿಲೇಗಳಿರುತ್ತವೆ. ಅವುಗಳ ಕಾಲುಗಳು ಅಗಲವಾದ ತಾಮ್ರದ ಪಟ್ಟಿಗೆ ಅಂಟಿಕೊಂಡಿರುತ್ತವೆ. ಮೊನೆ ತಾಗಿದ ಕ್ಷಣ ಆ ಪಟ್ಟಿ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಬಡಕಲು ಕಡ್ಡಿ ಅಲ್ಲೇ ಸುಸ್ತಾಗುತ್ತದೆ. ತವರ ಹರಿಯದೆ ಗುಳ್ಳೆಯಂತೆ ಮೇಲೆ ಕೂರುತ್ತದೆ. ನೋಡಲು ಬೆಸುಗೆ, ಒಳಗೆ ಟೊಳ್ಳು.

“ಹಾಗಾದ್ರೆ ತಗೊಳ್ಳಿ ನೂರು ವ್ಯಾಟಿಂದು.”

“ಇದರಲ್ಲಿ ಐಸಿ ಚಿಪ್ ಮುಟ್ಟಿದ್ರೆ?”

“ಗುಬ್ಬಿ ಮೇಲೆ ಬ್ರಹ್ಮಾಸ್ತ್ರ” ಎಂದು ಅಂಗಡಿಯವನೇ ಒಪ್ಪಿಕೊಂಡು, ಮೇಲಿನ ಖಾನೆಯಿಂದ ಒಂದು ಪೆಟ್ಟಿಗೆ ಇಳಿಸಿದ. ಶಾಖ ಹತೋಟಿಯ ಪುಟ್ಟ ಸ್ಟೇಷನ್, ಅದರಿಂದ ಹೊರಟ ತಂತಿಯ ತುದಿಗೆ ಹಗುರವಾದ ಕಡ್ಡಿ. ಬೇಕಾದ ಶಾಖವನ್ನು ತಿರುಗಣೆಯಲ್ಲಿ ಗೊತ್ತುಮಾಡಿದರೆ ಮೊನೆ ಅಷ್ಟಕ್ಕೇ ನಿಲ್ಲುತ್ತದೆ. ಬಿಸಿ ಹೀರಿಕೊಳ್ಳುವ ಜಾಗ ಸಿಕ್ಕರೆ ತಾನೇ ಹೆಚ್ಚು ಬಲ ತೆಗೆದುಕೊಳ್ಳುತ್ತದೆ.

ಭಾವ ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡ. ಬೆರಳು ಹಿಡಿಯುವ ಜಾಗದಿಂದ ಮೊನೆಯ ತುದಿಗೆ ಎಷ್ಟು ದೂರ ಎಂದು ನೋಡಿದ. ಕಡಿಮೆಯಿದ್ದಷ್ಟೂ ಕೈ ನಡುಗುವುದು ಕಡಿಮೆ. ತಂತಿಯನ್ನು ಮಡಚಿ ಬಿಟ್ಟ. ರಬ್ಬರಿನ ಹಾವಿನಂತೆ ಮೆತ್ತಗೆ ಬಿಚ್ಚಿಕೊಂಡಿತು. ಗಡಸು ತಂತಿಯಾದರೆ ಸಣ್ಣ ಕೈಯನ್ನು ದಿನವಿಡೀ ಹಿಂದಕ್ಕೆ ಜಗ್ಗುತ್ತದೆ. ಜೇಬಿನಿಂದ ಮೀಟರ್ ತೆಗೆದು ಒಂದು ಕೊನೆಯನ್ನು ಮೊನೆಗೂ ಇನ್ನೊಂದನ್ನು ಪ್ಲಗ್ಗಿನ ಅರ್ಥ್ ಪಿನ್ನಿಗೂ ಹಿಡಿದ. ಮೊನೆ ನೆಲಕ್ಕೆ ಸರಿಯಾಗಿ ಸೇರಿಲ್ಲದಿದ್ದರೆ ಸೋರಿದ ಕರೆಂಟು ಐಸಿಯನ್ನು ಸದ್ದಿಲ್ಲದೆ ಕೊಲ್ಲುತ್ತದೆ.

“ಮಗಳಿಗೆ ಗಂಡು ನೋಡೋರೂ ಇಷ್ಟು ನೋಡಲ್ಲ ಸ್ವಾಮಿ.”

“ಗಂಡು ಕೆಟ್ಟವನಾದ್ರೆ ಬಿಟ್ಟು ಬರಬಹುದು. ಐಸಿ ಸುಟ್ಟುಹೋದ್ರೆ ವಾಪಸ್ ಬರುತ್ತಾ?”

ಅಂಗಡಿಯವನು ಗಹಗಹಿಸಿ ನಕ್ಕ. ತಾನು ಯಾರನ್ನೋ ನಗಿಸಿದೆನೆಂಬುದು ಭಾವನಿಗೆ ತಡವಾಗಿ ಹೊಳೆಯಿತು. ಇಂಥದ್ದು ನಡೆದು ಬಹಳ ಕಾಲವಾಗಿತ್ತು.

“ಮೊನೆ ಇದೊಂದೇನಾ? ಓರೆ ಮೊನೆ ಇಲ್ವಾ?”

“ಪೆಟ್ಟಿಗೆ ಜೊತೆ ಬರೋದು ಈ ದಪ್ಪ ದುಂಡು ಮೊನೆ ಮಾತ್ರ. ಬೇರೆದು ಹೇಳಿ ತರಿಸ್ಬೇಕು. ಒಂದು ತಿಂಗಳಾಗುತ್ತೆ.”

“ಬೇಡ ಬಿಡಿ. ನಾನೇ ನೋಡ್ಕೊಳ್ತೀನಿ.”

ಆ ಭಾನುವಾರ ಅಕ್ಕ ಫೋನ್ ಮಾಡಿದಳು. ಬೇರೆ ಊರಿನಲ್ಲಿ ಮಗನ ಮನೆಯಲ್ಲಿದ್ದ ಅವಳು ಭಾನುವಾರ ತಪ್ಪದೆ ಮಾಡುತ್ತಿದ್ದಳು, ಮೊದಲು ಊಟ, ಆಮೇಲೆ ಮಂಡಿನೋವು, ಆಮೇಲೆ ಮತ್ತೇನು ಎನ್ನುತ್ತಿದ್ದಳು. ಮತ್ತೇನು ಎಂಬುದಕ್ಕೆ ತಮ್ಮನ ಉತ್ತರ ಯಾವಾಗಲೂ “ಏನಿಲ್ಲ” ಎಂದೇ. ಈ ಸಲ ಅವನು, “ಪಕ್ಕದ ಮೇಜಿಗೆ ಒಬ್ಬಳು ಬರ್ತಿದಾಳೆ” ಎಂದ.

“ಹೆಂಗಸಾ? ವಯಸ್ಸೆಷ್ಟು?” ಅಕ್ಕನ ದನಿ ನೆಟ್ಟಗಾಯಿತು.

“ಅಕ್ಕಾ, ನನಗೆ ಮಗಳಿದ್ದಿದ್ರೆ ಅವಳಷ್ಟಿರ್ತಿದ್ಲು.”

“ಮಗಳಿದ್ದಿದ್ರೆ ಅನ್ನೋಕೂ ಮೊದ್ಲು ಮದುವೆ ಆಗ್ಬೇಕಾಗಿತ್ತು ಕಣೋ” ಎಂದು ಅಕ್ಕ ನಿಟ್ಟುಸಿರು ಬಿಟ್ಟಳು. “ಹೋಗ್ಲಿ. ಮಾತಿಗೊಂದು ಜನ ಆಯ್ತಲ್ಲ. ನಿನ್ನ ಪೆದ್ದು ಮೌನಕ್ಕೆ ಹೆದರಿ ಓಡಿಹೋಗೋ ಹಾಗೆ ಮಾಡ್ಬೇಡ.”

ಫೋನಿಟ್ಟ ಮೇಲೆ ಭಾವ ಕೋಣೆಯನ್ನು ನೋಡಿದ. ಒಂಟಿ ಕೋಣೆಯ ಮನೆ. ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಹಳೆಯ ಪತ್ರಿಕೆಗಳ ರಾಶಿ. ಅದನ್ನು ಇಳಿಸುವ ಸಂದರ್ಭ ಬಂದಿರಲಿಲ್ಲ. ಅವಳು ನಿಲ್ಲಬೇಕು, ಎಂದುಕೊಂಡ. ಮೂರು ತಿಂಗಳು ದಾಟಿ ಆ ಮೇಜಿನಲ್ಲಿ ನಿಲ್ಲಬೇಕು. ತನಗೆ ಏನಾದರೂ ಬೇಕೆಂದು ಇಷ್ಟು ಸ್ಪಷ್ಟವಾಗಿ ಅವನಿಗೆ ಇತ್ತೀಚೆಗೆ ಅನ್ನಿಸಿರಲಿಲ್ಲ.

ಅವಳು ಬರುವ ದಿನ ಭಾವ ಬೇಗ ಹೋಗಿ ಪೆಟ್ಟಿಗೆ ಬಿಚ್ಚಿದ. ಒಳಗಿದ್ದ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಅವನ ಅಭ್ಯಾಸ, ಓದಿದ. ಕೊನೆಯ ಸಾಲುಗಳಲ್ಲಿ, ಮೊನೆಯನ್ನು ಎಂದಿಗೂ ಅರದಿಂದ ಉಜ್ಜಬಾರದು ಎಂದಿತ್ತು. ಹೊಸ ಮೊನೆಗಳ ತಾಮ್ರದ ಮೇಲೆ ಕಬ್ಬಿಣದ ತೆಳು ಪೊರೆ ಇರುತ್ತದೆಂದು ಅವನೂ ಕೇಳಿದ್ದ. ಆದರೆ ಇಷ್ಟು ವರ್ಷ ಅರ ಹಿಡಿದವನಿಗೆ ಆ ಎಚ್ಚರಿಕೆ ತನಗಾಗಿ ಬರೆದದ್ದೆಂದು ಅನ್ನಿಸಲಿಲ್ಲ. ಅರ ಹಿಡಿಯಲು ಬಾರದವರು ಮೊನೆಯನ್ನು ಎಲ್ಲಿ ಬೇಕೋ ಅಲ್ಲಿ ಗೀರಿ ಹಾಳುಮಾಡುತ್ತಾರೆ. ಅಂಥವರಿಗೆ ಹೇಳಿದ ಮಾತು ಅದು ಎಂದುಕೊಂಡ.

ಹುಡುಗಿಯ ಕೈ ಯಾವ ಓರೆಗೆ ವಾಲುತ್ತದೆಂದು ಬೆಂಚಿನ ಮೇಲೆ ಕಂಡದ್ದನ್ನು ನೆನೆಸಿಕೊಂಡು, ಬಲಗೈಯವರಿಗೆ ಉಜ್ಜುವುದರ ತಿರುವುಮುರುವಾಗಿ ಉಜ್ಜಿದ. ಬೂದುಬಣ್ಣದ ಪೊರೆ ಪುಡಿಯಾಗಿ ಉದುರಿತು, ಒಳಗಿಂದ ಕೆಂಪು ತಾಮ್ರ ಇಣುಕಿತು. ಒರಟು ಅರ, ನಯದ ಅರ, ಆಮೇಲೆ ಬಟ್ಟೆ. ಕಾಯಿಸಿ ತವರ ಮುಟ್ಟಿಸಿದಾಗ ಅದು ಕನ್ನಡಿಯಂತೆ ಹರಡಿಕೊಂಡಿತು. ದೊಡ್ಡಣ್ಣ ನೋಡಿದ್ದರೂ ತಪ್ಪು ಹೇಳುತ್ತಿರಲಿಲ್ಲ. ದೊಡ್ಡಣ್ಣನಿಗೂ ತಾಮ್ರವಷ್ಟೇ ಗೊತ್ತಿತ್ತು.

ಅವಳು ಬಂದಳು. ಎಡಗೈಯಲ್ಲೇ ಕಡ್ಡಿ ಎತ್ತಿಕೊಂಡಳು, ಮೊದಲ ಕಾರ್ಡಿನ ನಾಲ್ಕಾರು ಬೆಸುಗೆ ಹಾಕಿದಳು, ಮೊನೆಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

“ಸರ್, ಇದೆಂಥ ಮೊನೆ? ಒಳ್ಳೇ ಕೂರುತ್ತೆ ಕೈಗೆ. ಹೀಗೆ ಓರೆ ಇರೋದು ಎಲ್ಲೂ ನೋಡಿಲ್ಲ.”

ಭಾವನ ಎದೆ ಹಿಗ್ಗಿತು. “ಸಿಗುತ್ತೆ” ಎಂದಷ್ಟೇ ಹೇಳಿ ತನ್ನ ಕಾರ್ಡಿನ ಕಡೆ ಬಾಗಿದ. ಉಜ್ಜಿದವನು ಹೇಳಬಾರದು. ಹೇಳಬೇಕಾದವನು ಮೂರನೆಯ ಮೇಜಿನವನು. ಮೂರನೆಯ ಮೇಜಿನ ಮೇಲೆ ಅವಳು ತನ್ನ ಕೈಚೀಲ ಇಟ್ಟಿದ್ದಳು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅವಳಿಗೆ ಮಾತು ಬರುತ್ತಿತ್ತು. ಭಾವನಿಗೆ ಕೇಳಲು ಬರುತ್ತಿತ್ತು. ಅಮ್ಮನ ಜೊತೆ ಐದನೇ ಮಹಡಿಯಲ್ಲಿ ಮನೆ, ಆ ಕಟ್ಟಡದ ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿದೆ. “ಮೆಟ್ಟಿಲಲ್ಲಿ ಸಿಕ್ಕೋರೆಲ್ಲ ನನ್ನನ್ನೇ ಕೇಳ್ತಾರೆ ಸರ್, ಯಾವಾಗಮ್ಮಾ ಸರಿ ಮಾಡಿಸ್ತೀಯಾ ಅಂತ. ನಾನೇ ಕೆಡಿಸಿದ ಹಾಗೆ!” ಊಟದ ಹೊತ್ತಿಗೆ ಇಬ್ಬರೂ ಡಬ್ಬಿ ಬಿಚ್ಚಿ ಅಲ್ಲೇ ಕೂರುತ್ತಿದ್ದರು. ಹಿಂದಿನ ಎರಡು ಕಡೆಯೂ ಪರೀಕ್ಷಾ ಅವಧಿ ಮುಗಿಯುತ್ತಲೇ ಅವಳನ್ನು ಕಳಿಸಿಬಿಟ್ಟಿದ್ದರಂತೆ. “ಕಾಯಂ ಅನ್ನೋ ಮಾತು ನನ್ನ ಕಿವಿಗೆ ಇನ್ನೂ ಬಿದ್ದೇ ಇಲ್ಲ ಸರ್. ಈ ಸಲ ಅಮ್ಮನಿಗೆ ಹೇಳೇ ಹೇಳ್ತೀನಿ ಅಂತ ಹಟ.”

ಭಾವ ತನ್ನ ಹೆಸರಿನ ಕತೆಯನ್ನು ಹೇಳಬೇಕೆಂದುಕೊಂಡ, ಗೇಟಿನ ಹತ್ತಿರದಿಂದ ಶುರುಮಾಡಿ. ನಾಳೆ ಹೇಳಿದರಾಯಿತು ಎಂದುಕೊಂಡ. ಅವನ ನಾಳೆಗಳು ಈಗ ಒಂದರ ಹಿಂದೊಂದು ಖಾತ್ರಿಯಾಗಿ ಬರುತ್ತಿದ್ದವು, ಹಾಗಾಗಿ ಅವಸರವಿರಲಿಲ್ಲ.

ಎರಡನೆಯ ತಿಂಗಳು ನಡೆಯುತ್ತಿದ್ದಾಗ ಅವಳ ಮಾತು ಕಡಿಮೆಯಾಯಿತು. ಒಂದೇ ಬೆಸುಗೆಯ ಮೇಲೆ ಕಡ್ಡಿಯನ್ನು ಬಹಳ ಹೊತ್ತು ಒತ್ತಿ ಹಿಡಿಯತೊಡಗಿದಳು. ತಿರುಗಣೆಯನ್ನು ಇನ್ನಷ್ಟು, ಮತ್ತಷ್ಟು ಏರಿಸಿದಳು. ಭಾವ ಅದನ್ನು ಗಮನಿಸಿ, ಪರೀಕ್ಷಾ ಅವಧಿ ಮುಗಿಯುತ್ತ ಬಂತಲ್ಲ, ಹೆದರಿಕೆಯಿರಬೇಕು ಎಂದುಕೊಂಡ. ಹಗುರವಾಗಲೆಂದು ಸುಮ್ಮನಿದ್ದ. ಸುಮ್ಮನಿರುವುದೊಂದೇ ಅವನಿಗೆ ಗೊತ್ತಿದ್ದ ಉಪಚಾರ.

ಒಂದು ಮಧ್ಯಾಹ್ನ ಮ್ಯಾನೇಜರ್ ಟ್ರೇ ಹಿಡಿದುಕೊಂಡು ಬಂದರು. ಟ್ರೇ ತುಂಬ ಕಾರ್ಡುಗಳು. ಟೆಸ್ಟಿಂಗ್‌ನವರು ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸಿದವು. ಎಲ್ಲ ಅವಳು ಮಾಡಿದವು. ಕೆಲವು ಬೆಸುಗೆ ಟೊಳ್ಳು. ಕೆಲವು ಕಡೆ ಅತಿ ಶಾಖಕ್ಕೆ ತಾಮ್ರದ ಪಟ್ಟಿಯೇ ಎದ್ದುಬಂದಿತ್ತು.

“ಮೊದಲ ತಿಂಗಳು ಒಂದೂ ವಾಪಸ್ ಬಂದಿರ್ಲಿಲ್ಲ. ಈಗೇನಾಯ್ತಮ್ಮಾ?”

“ಐರನ್ ಹಿಡೀತಿಲ್ಲ ಸರ್. ಶಾಖ ಎಷ್ಟು ಏರಿಸಿದ್ರೂ ತವರ ಹರಿಯಲ್ಲ.”

“ಕುಣೀಲಾರದೋಳು ನೆಲ ಡೊಂಕು ಅಂದಳಂತೆ” ಎಂದರು ಮ್ಯಾನೇಜರ್, ಬೇಸರದಿಂದ. “ಹೊಸ ಐರನ್ ಅದು. ಇವರೇ ಖುದ್ದು ಆರಿಸಿ ತಂದದ್ದು.”

ಭಾವ ಎದ್ದುಹೋಗಿ ಅವಳ ಕಡ್ಡಿಯ ಮೊನೆಯನ್ನು ಒರೆಸಿ ಭೂತಗನ್ನಡಿಯ ಕೆಳಗೆ ಹಿಡಿದ. ಓರೆಯ ನಡುವೆ ಹುಳುಕು ಹಲ್ಲಿನಂಥ ಕುಳಿ. ಅಂಚಿನಲ್ಲಿ ಕಬ್ಬಿಣದ ಪೊರೆ ಉಳಿದಿತ್ತು, ಒಳಗಿನ ತಾಮ್ರ ಖಾಲಿಯಾಗಿತ್ತು. ತವರ ಅದನ್ನು ದಿನವೂ ತಿಂದಿದೆ. ಶಾಖ ಏರಿಸಿದಷ್ಟೂ ಬೇಗ ತಿಂದಿದೆ. ಹಳೆಯ ಸರಳಾದರೆ ಮತ್ತೆ ಉಜ್ಜಬಹುದಿತ್ತು, ಒಳಗೆ ಬೆರಳುದ್ದ ತಾಮ್ರವಿರುತ್ತಿತ್ತು. ಈ ಮೊನೆಯಲ್ಲಿ ಪೊರೆಯೇ ಬೇಲಿ. ಆ ಬೇಲಿಯನ್ನು ಅವನೇ, ನಯದ ಅರದಿಂದ, ಬೆಳಗಿನ ಹೊತ್ತು ಸಂತೋಷವಾಗಿ ಕಿತ್ತುಹಾಕಿದ್ದ.

ಅವನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅವಳಿಗೆ ತಿಳಿಯುತ್ತಿತ್ತು. ಹೇಳದಿದ್ದರೆ ಅವಳು ಹೋಗುತ್ತಾಳೆ.

“ನೆಲ ನಿಜವಾಗ್ಲೂ ಡೊಂಕಾಗಿದೆ ಸರ್” ಎಂದ. “ಡೊಂಕು ಮಾಡಿದವನು ನಾನು. ಮೊನೆಗೆ ಅರ ಹಾಕಿದೀನಿ.”

ಮ್ಯಾನೇಜರ್‌ಗೆ ಅರ್ಥವಾಗಲಿಲ್ಲ. ಭಾವ ಭೂತಗನ್ನಡಿಯ ಕೆಳಗೆ ತೋರಿಸಿ, ಪೊರೆ ಏನು, ತಾಮ್ರ ಏನು, ತವರ ಏನು ಮಾಡುತ್ತದೆ ಎಂದು ಪಾಠ ಒಪ್ಪಿಸುವವನಂತೆ ಹೇಳಿದ. ಚೀಟಿಯಲ್ಲಿ ಬರೆದಿತ್ತು, ಓದಿಯೂ ಹಾಕಿದೆ ಎಂಬುದನ್ನೂ ಸೇರಿಸಿದ. ಮ್ಯಾನೇಜರ್ ತಲೆ ಕೆರೆದುಕೊಂಡರು.

“ನೀವಾ? ನಿಮ್ಮಂಥೋರಾ?” ಎಂದರು. ಆಮೇಲೆ ಅವಳ ಕಡೆ ತಿರುಗಿ, “ಹೊಸ ಮೊನೆ ತರಿಸ್ಕೋ. ಇವನ್ನೆಲ್ಲ ಇನ್ನೊಂದ್ಸಲ ಮಾಡು. ಇದನ್ನ ಲೆಕ್ಕಕ್ಕೆ ಹಿಡಿಯಲ್ಲ” ಎಂದು ಟ್ರೇ ಅಲ್ಲೇ ಬಿಟ್ಟು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

“ಯಾಕೆ ಸರ್?” ಎಂದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಏನೂ ತಿಳಿಯದಂತಾಗಿತ್ತು. “ನಾನು ರಾತ್ರಿಯೆಲ್ಲ ಯೋಚನೆ ಮಾಡಿದೀನಿ. ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡಿದ್ದೆ.”

“ನಿಮ್ಮ ಕೈಗೆ ಸರಿಯಾಗ್ಲಿ ಅಂತ…”

“ನಾನು ಕೇಳಿದ್ನಾ?”

“ಇಲ್ಲ. ಇಲ್ಲಿ ಹಾಗೇ ಮಾಡ್ತಿದ್ವಿ. ಹೊಸಬರು ಬಂದಾಗ.”

“ಯಾರು?”

“ಎಲ್ಲರೂ” ಎಂದ ಭಾವ.

ಅವಳು ಖಾಲಿ ಮೇಜುಗಳತ್ತ ನೋಡಿದಳು. ಆಮೇಲೆ ಅವನತ್ತ ನೋಡಿದಳು, ವಯಸ್ಸಾದವರು ಬೀದಿಯಲ್ಲಿ ಒಬ್ಬರೇ ಮಾತಾಡಿಕೊಳ್ಳುವುದನ್ನು ಕಂಡವರು ನೋಡುವ ಹಾಗೆ. “ಆಗ್ಲಿ ಸರ್, ಬಿಡಿ” ಎಂದು ಮೆತ್ತಗೆ ಹೇಳಿ ಟ್ರೇಯನ್ನು ತನ್ನ ಕಡೆ ಎಳೆದುಕೊಂಡಳು. ಬೈದಿದ್ದರೆ ಭಾವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೊನೆಯನ್ನು ಅವಳೇ ಬೇರೊಂದು ಅಂಗಡಿಗೆ ಹೋಗಿ ಆರಿಸಿ ತಂದಳು. ಓರೆಯದಲ್ಲ, ಉಳಿಯ ಬಾಯಿಯಂಥ ಚಪ್ಪಟೆ ಮೊನೆ. ಎರಡೂ ಕೈಗೆ ಒಂದೇ. ಸಂಜೆ ಹೊರಡುವಾಗ ಅದು ಆರುವವರೆಗೆ ಕಾದು, ಬಿಚ್ಚಿ, ಪುಟ್ಟ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿಟ್ಟುಕೊಳ್ಳುತ್ತಿದ್ದಳು. ಇದನ್ನು ಅವಳು ಮರೆಮಾಚಲಿಲ್ಲ, ಎತ್ತಿ ತೋರಿಸಲೂ ಇಲ್ಲ. ಊಟಕ್ಕೆ ಟೆಸ್ಟಿಂಗ್‌ನ ಹುಡುಗಿಯರ ಜೊತೆ ಕ್ಯಾಂಟೀನಿಗೆ ಹೋಗತೊಡಗಿದಳು. “ಬರ್ತೀರಾ ಸರ್?” ಎಂದು ಒಮ್ಮೆ ಕರೆದಳು ಕೂಡ. “ಇಲ್ಲ, ನೀವು ಹೋಗಿ” ಎಂದ.

ಭಾನುವಾರ ಅಕ್ಕ, “ಹೇಗಿದಾಳೋ ನಿನ್ನ ಪಕ್ಕದ ಮೇಜು?” ಎಂದು ಕೇಳಿದಳು.

“ಇದಾಳೆ” ಎಂದ.

“ಮತ್ತೇನು?”

“ಏನಿಲ್ಲ.”

ಅವಳ ಕಾರ್ಡುಗಳು ಮತ್ತೆ ವಾಪಸು ಬರಲಿಲ್ಲ. ಅವಧಿ ಮುಗಿದಾಗ ಮ್ಯಾನೇಜರ್ ಬಾಗಿಲಲ್ಲಿ ನಿಂತು, “ಕಾಯಂ ಆಯ್ತಮ್ಮಾ, ಕಾಗದ ಬರುತ್ತೆ” ಎಂದರು. ಅವಳು ಕುರ್ಚಿಯಿಂದೆದ್ದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಾರಿಡಾರಿಗೆ ಓಡಿ ಅಮ್ಮನಿಗೆ ಫೋನ್ ಮಾಡಿದಳು. ಅವಳ ನಗು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಭಾವ ತನ್ನ ಕಾರ್ಡಿನ ಮೇಲೆ ಬಾಗಿ, ಆಗಲೇ ಹಾಕಿ ಮುಗಿಸಿದ್ದ ಬೆಸುಗೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ತಾನು ಬೇಕೆಂದುಕೊಂಡದ್ದು ಇದೇ. ಅವಳು ನಿಂತಳು.

ಒಳಗೆ ಬಂದವಳು ಕಣ್ಣೊರೆಸಿಕೊಂಡು, “ಸರ್, ಒಂದು ಸಹಾಯ ಬೇಕಿತ್ತು” ಎಂದಳು.

“ಹೇಳಿ.”

“ಈ ಮೇಜನ್ನ ಆ ಗೋಡೆಗೆ ಹಾಕ್ಕೊಳ್ತೀನಿ. ಇಲ್ಲಿ ಕಿಟಕಿ ಎಡಕ್ಕೆ ಬರುತ್ತೆ. ನನ್ನ ಕೈ ನೆರಳು ನನ್ನ ಕೆಲಸದ ಮೇಲೇ ಬೀಳುತ್ತೆ. ಆ ಕಡೆ ಮುಖ ಮಾಡಿ ಕೂತ್ರೆ ಬೆಳಕು ಬಲಗಡೆಯಿಂದ ಬರುತ್ತೆ. ಕಾಯಂ ಆಗ್ಲಿ, ಆಮೇಲೆ ಕೇಳೋಣ ಅಂತಿದ್ದೆ.”

ಭಾವ ಅವಳ ಮೇಜನ್ನು ನೋಡಿದ. ಕಾರ್ಡಿನ ಮೇಲೆ, ಬೆಸುಗೆ ಬೀಳಬೇಕಾದ ಕಡೆಯೇ ಕಪ್ಪಾಗಿತ್ತು. ಎಡಗೈಗೆ ಓರೆ ಎಷ್ಟಿರಬೇಕು, ತಂತಿ ಎಷ್ಟು ಮೆತ್ತಗಿರಬೇಕು ಎಂದು ಅಷ್ಟೆಲ್ಲ ನೋಡಿದವನು ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ನೋಡಿರಲಿಲ್ಲ. ಬಂದ ದಿನದಿಂದ ಅವಳು ತನ್ನದೇ ನೆರಳಿನಲ್ಲಿ ಕೆಲಸ ಮಾಡಿದ್ದಳು.

“ಇಷ್ಟು ದಿನ ಹೇಳ್ಲೇ ಇಲ್ವಲ್ಲಾ?”

“ನೀವು ಕೇಳ್ಲೇ ಇಲ್ವಲ್ಲ ಸರ್” ಎಂದಳು. ಅದರಲ್ಲಿ ಮೊನಚೇನೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಅಷ್ಟೇ.

ಇಬ್ಬರೂ ಸೇರಿ ಎದುರು ಗೋಡೆಯ ಒಂದು ಕಪಾಟನ್ನು ಖಾಲಿ ಮಾಡಿ ಸರಿಸಿದರು. ಹಳೆಯ ಕಾರ್ಡುಗಳ ಧೂಳಿಗೆ ಅವಳು ಸೀನಿದಳು. ಮೇಜು ಎತ್ತುವಾಗ ಡ್ರಾಯರಿನ ಕಡೆ ಭಾರ ಹೆಚ್ಚೆಂದು ಭಾವ ಆ ತುದಿ ಹಿಡಿದುಕೊಂಡ. “ನಿಧಾನ ಸರ್, ಕಾಲು ಜೋಪಾನ” ಎನ್ನುತ್ತ ಅವಳು ಹಿಂದಕ್ಕೆ ಹೆಜ್ಜೆಯಿಟ್ಟಳು. ಕೋಣೆಯ ನಡುವೆ ಮೇಜು ಅರ್ಧ ಸುತ್ತು ತಿರುಗಿತು. ಗೋಡೆಗೆ ತಾಗಿಸಿ ಇಳಿಸಿದರು. ಭಾವ ವೈರು ಎಳೆದು, ಪ್ಲಗ್ಗಿನ ಅರ್ಥ್ ಸರಿಯಿದೆಯೇ ಎಂದು ಮೀಟರ್ ಹಿಡಿದು ನೋಡಿ ಕೊಟ್ಟ. ಅವಳು ಕೂತು, ಕಾರ್ಡು ಇಟ್ಟು, ಕಡ್ಡಿ ಹಿಡಿದಳು. ಬೆಳಕು ಬಲದಿಂದ ಬಂದು ಮೊನೆಯ ಕೆಳಗೆ ನೇರವಾಗಿ ಬಿತ್ತು.

“ಈಗ ಸರಿಹೋಯ್ತು ಸರ್. ತುಂಬಾ ಥ್ಯಾಂಕ್ಸ್.”

ಭಾವ ತನ್ನ ಜಾಗಕ್ಕೆ ಬಂದ. ಪಕ್ಕದಲ್ಲಿ ಮೇಜಿದ್ದ ಕಡೆ ಗೋಡೆಯ ಬಣ್ಣ ಒಂದು ಚೌಕದಷ್ಟು ಹೊಸದಾಗಿ ಉಳಿದಿತ್ತು. ಅವನೂ ಗೋಡೆಗೆ ಮುಖ ಮಾಡಿ ಕೂತ. ಬೆನ್ನ ಹಿಂದೆ, ಕೋಣೆಯ ಅಗಲದಾಚೆ, ಅವಳ ಬೆನ್ನು. ತವರ ಕರಗುವ ಸಣ್ಣ ಚುಯ್ ಸದ್ದು ಅಲ್ಲಿಂದ ಬರುತ್ತಿತ್ತು. ಒಂದೇ ಅಳತೆಯ, ಅಳುಕಿಲ್ಲದ ಸದ್ದು. ಒಳ್ಳೆಯ ಬೆಸುಗೆಗಳು ಎಂದು ನೋಡದೆಯೂ ಹೇಳಬಹುದಿತ್ತು.

ಕಿಟಕಿಯ ಅರ್ಧದವರೆಗೆ ಪರದೆ ಇಳಿಬಿದ್ದಿರುವುದು ಅವನ ಕಣ್ಣಿಗೆ ಬಿತ್ತು. ಏಳಲೆಂದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದವನು, ಅರ್ಧ ಎದ್ದು, ಅಲ್ಲೇ ತಡೆದ.

“ಪರದೆ ಪೂರ್ತಿ ಮೇಲೆ ಎತ್ಲಾ?” ಎಂದು ಕೇಳಿದ.

ಅವಳು ತಿರುಗದೆಯೇ, ಕಡ್ಡಿ ಹಿಡಿದ ಕೈ ಅಲುಗದಂತೆ ಹೇಳಿದಳು, “ಬೇಡ ಸರ್. ಇಷ್ಟೇ ಇರ್ಲಿ.”

“ಸರಿ” ಎಂದು ಭಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.